ಕಲ್ಲೇಟು ತಿಂದ ಸ್ಪೋರ್ಟ್ಸ್ ಕಾರಿನ ಮುಂಭಾಗಕ್ಕೆ ಮರುಬಣ್ಣ: ಶೇಡ್ ತಪ್ಪದಂತೆ ಮಾಡುವ ಕ್ರಮ

ಮುಂಭಾಗಕ್ಕೆ ತಾವೇ ಬಣ್ಣ ಹೊಡೆದವರು ಆಮೇಲೆ ಹೇಳಿಕೊಳ್ಳುವ ತೊಂದರೆಗಳು ಹೆಚ್ಚೂಕಡಿಮೆ ಎರಡೇ. ಬಾನೆಟ್, ಬಂಪರ್ ಒಂದು ಬಣ್ಣವಾದರೆ ಪಕ್ಕದ ಫೆಂಡರ್ ಇನ್ನೊಂದು ಬಣ್ಣ ಅನ್ನುವುದು ಮೊದಲನೆಯದು. ಹೊಸದರಲ್ಲಿ ಕನ್ನಡಿಯಂತಿದ್ದ ಬಾನೆಟ್ ಮೇಲೆ ಒಂದೆರಡು ತಿಂಗಳಿಗೆ ಹಳೆಯ ಕಲ್ಲೇಟಿನ ಗುಳಿಗಳೆಲ್ಲ ಮತ್ತೆ ಎದ್ದು ಕಂಡವು ಅನ್ನುವುದು ಎರಡನೆಯದು. ಎರಡಕ್ಕೂ ಬೈಗುಳ ಬೀಳುವುದು ಪೇಂಟ್ ಡಬ್ಬಿಗೆ. ನಾನು ನೋಡಿದ ಮಟ್ಟಿಗೆ ತಪ್ಪು ನಡೆದಿರುವುದು ಸ್ಪ್ರೇ ಗನ್ ಕೈಗೆತ್ತಿಕೊಳ್ಳುವ ಮೊದಲೇ: ಗುಳಿಗಳನ್ನು ಉಜ್ಜಿ ಸಮ ಮಾಡಿರುವುದಿಲ್ಲ, ಟೆಸ್ಟ್ ಕಾರ್ಡ್ (ಶೇಡ್ ಪರೀಕ್ಷಿಸುವ ರಟ್ಟು) ಹೊಡೆದು ನೋಡಿರುವುದಿಲ್ಲ, ಬಣ್ಣ ಎಲ್ಲಿಗೆ ನಿಲ್ಲಬೇಕು ಅನ್ನುವುದನ್ನು ಯೋಚಿಸಿರುವುದೇ ಇಲ್ಲ. ಅದಕ್ಕೇ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಗಾಯ ಎಷ್ಟು ಆಳ, ಮೈ ಯಾವುದರದ್ದು

ಕಾರನ್ನು ತೊಳೆದು ಒರೆಸಿ ನೆರಳಿನಲ್ಲಿ ನಿಲ್ಲಿಸಿ. ಟಾರ್ಚ್ ಬೆಳಕನ್ನು ಬಾನೆಟ್ ಮೇಲೆ ಓರೆಯಾಗಿ ಬಿಟ್ಟು ಒಂದೊಂದು ಗುಳಿಯನ್ನೂ ಹತ್ತಿರದಿಂದ ನೋಡಿ. ಸಾಸಿವೆ ಕಾಳಿನಷ್ಟು ಬಾಯಿ, ಸುತ್ತ ಉಗುರಿಗೆ ತಗಲುವ ಚೂಪು ಅಂಚು, ತಳದಲ್ಲಿ ಬೂದು ಪ್ರೈಮರ್ (ಬಣ್ಣದ ಅಡಿಯ ಪದರ) ಅಥವಾ ಹೊಳೆಯುವ ಲೋಹ, ಹಳೆಯದಾಗಿದ್ದರೆ ಕಂದು ತುಕ್ಕು. ಅಂಚಿನ ಸುತ್ತ ಬೆಳ್ಳಗೆ ಬಳೆಯಂತೆ ಕಂಡರೆ ಅಲ್ಲಿ ಪೇಂಟ್ ಅಡಿಯಿಂದ ಹಿಡಿತ ಬಿಟ್ಟಿದೆ ಎಂದರ್ಥ. ಆ ಬಿಳಿ ಭಾಗ ಪೂರ್ತಿ ಹೋಗುವವರೆಗೂ ಉಜ್ಜಬೇಕಾಗುತ್ತದೆ.

ಗುಳಿಗಳು ಅಲ್ಲೊಂದು ಇಲ್ಲೊಂದು ಇದ್ದರೆ ಮರುಬಣ್ಣ ಬೇಡ. ಟಚ್‌ಅಪ್ ಪೇಂಟ್ ತುಂಬಿ, ಒಣಗಿದ ಮೇಲೆ ಉಜ್ಜಿ ಪಾಲಿಶ್ ಮಾಡಿದರೆ ಸಾಕು. ಕಾರ್ಖಾನೆಯ ಬಣ್ಣದಷ್ಟು ಗಟ್ಟಿ ಬಣ್ಣ ಮತ್ತೆ ಸಿಗುವುದಿಲ್ಲ, ಉಳಿಸಿಕೊಳ್ಳಬಹುದಾದರೆ ಉಳಿಸಿಕೊಳ್ಳಿ. ಬಾನೆಟ್‌ನ ಮುಂದಂಚು, ಬಂಪರ್‌ನ ಮೂಗು ಮೆಣಸು ಚೆಲ್ಲಿದಂತೆ ಆಗಿದ್ದರೆ ಮಾತ್ರ ಮುಂದಿನ ಹಂತಕ್ಕೆ ಬನ್ನಿ.

ಒಂದು ಅಯಸ್ಕಾಂತ ತಂದು ಬಾನೆಟ್‌ಗೆ ಹಿಡಿಯಿರಿ. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಫೈಬರ್. ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸಾಮಾನ್ಯ: ಮಜ್ದಾ ಎಂಎಕ್ಸ್-5ರ ಬಾನೆಟ್ ಅಲ್ಯೂಮಿನಿಯಂ, ಶೆವರ್ಲೆ ಕಾರ್ವೆಟ್‌ನ ಹೊರಮೈ 1953ರಿಂದಲೂ ಫೈಬರ್ ಜಾತಿಯದು. ಬಂಪರ್ ಬಹುಪಾಲು ಪ್ಲಾಸ್ಟಿಕ್. ಪ್ರೈಮರ್ ಯಾವುದು ಎಂಬುದು ಇದರ ಮೇಲೆ ನಿಂತಿದೆ.

ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಲೋಹದ ಭಾಗಗಳ ಮೇಲೆ ಒಮ್ಮೆ ಇಟ್ಟು ನೋಡಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ಒಟ್ಟು 100ರಿಂದ 150 ಮೈಕ್ರಾನ್. 250 ದಾಟಿದ್ದರೆ ಹಿಂದೆ ಯಾರೋ ಬಣ್ಣ ಹೊಡೆದಿದ್ದಾರೆ. ಆಗ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಕಾಣದ ಮೂಲೆಯಲ್ಲಿ ಒತ್ತಿ ನೋಡಿ. ಮೇಲ್ಮೈ ಮೆತ್ತಗಾದರೆ ಅಥವಾ ಬಣ್ಣ ಬಟ್ಟೆಗೆ ಇಳಿದರೆ ಆ ಹಳೆಯ ಪದರ ಹೊಸ ಬಣ್ಣವನ್ನು ಹೊರುವುದಿಲ್ಲ, ಸುಕ್ಕುಗಟ್ಟಿ ಏಳುತ್ತದೆ. ಅದನ್ನು ತೆಗೆಯದೆ ಕೆಲಸ ಶುರು ಮಾಡಬೇಡಿ.

ಹಂತ 2: ಸಲಕರಣೆ, ಅದಕ್ಕೂ ಮೊದಲು ಉಸಿರು

ಹಾರ್ಡ್ನರ್ (ಪದರವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಮತ್ತು ಪ್ರೈಮರ್‌ಗಳಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ಅಪಾಯ ಏನೆಂದರೆ, ವಾಸನೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಿತಿ ಮೀರಿ ಒಳಗೆ ಹೋಗಿರುತ್ತದೆ. ಒಮ್ಮೆ ದೇಹ ಅದಕ್ಕೆ ಒಗ್ಗದೆ ಹೋದರೆ ಆಮೇಲೆ ಚೂರು ತಗಲಿದರೂ ಆಸ್ತಮಾ ಬರಬಹುದು, ಅದು ಜೀವನಪೂರ್ತಿ. ಧೂಳಿನ ಮಾಸ್ಕ್ ಇಲ್ಲಿ ಏನೂ ಮಾಡದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮಾಸ್ಕೇ ಸರಿಯಾದದ್ದು. ಜೊತೆಗೆ ಕಣ್ಣು ಮುಚ್ಚುವ ಕನ್ನಡಕ, ನೈಟ್ರೈಲ್ ಕೈಗವಸು, ಮೈತುಂಬ ಬಟ್ಟೆ. ಇದು ಇಲ್ಲದಿದ್ದರೆ ಉಜ್ಜುವ, ಪ್ರೈಮರ್‌ಗೆ ತಯಾರು ಮಾಡುವ ಕೆಲಸವೆಲ್ಲ ನೀವು ಮಾಡಿ, ಹೊಡೆಯುವುದನ್ನು ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವವರಿಗೆ ಬಿಡಿ. ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಹಾರ್ಡ್ನರ್ ಇರುವ ಸ್ಪ್ರೇ ಡಬ್ಬಿಗಳೂ ಅಷ್ಟೇ ಅಪಾಯಕಾರಿ, ಡಬ್ಬಿ ಸಣ್ಣದೆಂದು ಸದರ ಬೇಡ. ಹೊಡೆಯುವ ಜಾಗದಲ್ಲಿ ಬೆಂಕಿ, ಹೀಟರ್, ಕಿಡಿ ಹಾರುವ ಯಾವುದೂ ಇರಕೂಡದು.

ಉಳಿದದ್ದು ಇಷ್ಟು: ಎಚ್‌ವಿಎಲ್‌ಪಿ, ಅಂದರೆ ಹೆಚ್ಚು ಗಾಳಿ ಕಡಿಮೆ ಒತ್ತಡದ ಸ್ಪ್ರೇ ಗನ್ (ಬೇಸ್ ಅಂದರೆ ಬಣ್ಣದ ಪದರ, ಅದಕ್ಕೂ ಕ್ಲಿಯರ್‌ಗೂ 1.3 ಮಿ.ಮೀ. ನಾಝಲ್, ಪ್ರೈಮರ್‌ಗೆ 1.6ರಿಂದ 1.8), ಗನ್ ಕೇಳುವಷ್ಟು ಗಾಳಿಯನ್ನು ಬಿಡದೆ ಕೊಡುವ ಕಂಪ್ರೆಸರ್, ನೀರು ಮತ್ತು ಎಣ್ಣೆ ತಡೆಯುವ ಫಿಲ್ಟರ್, 180ರಿಂದ 3000ದವರೆಗಿನ ಎಮರಿ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ನುಣುಪು), ಗಟ್ಟಿ ಮತ್ತು ಮೆತ್ತನೆ ಉಜ್ಜುವ ಬ್ಲಾಕ್, ಬೂದು ಸ್ಕಫ್ ಪ್ಯಾಡ್ (ಹೊಳಪು ತೆಗೆಯಲು ಉಜ್ಜುವ ಪ್ಯಾಡ್), ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣ, ಟ್ಯಾಕ್ ಬಟ್ಟೆ (ಧೂಳು ಹಿಡಿಯುವ ಅಂಟು ಬಟ್ಟೆ), ಒಳ್ಳೆಯ ಮಾಸ್ಕಿಂಗ್ ಟೇಪ್. ಪ್ರೈಮರ್, ಬೇಸ್, ಕ್ಲಿಯರ್, ಥಿನ್ನರ್, ಹಾರ್ಡ್ನರ್ ಎಲ್ಲವೂ ಒಂದೇ ಕಂಪನಿಯ ಒಂದೇ ಸರಣಿಯದ್ದಾಗಿರಲಿ.

ಹಂತ 3: ಬಣ್ಣ ಹೊಂದಿಸುವುದು

ಇದಕ್ಕೆ ಒಂದಿಡೀ ದಿನ ಬೇಕಾದರೂ ಕೊಡಿ. ಕಾರಿನ ಮೇಲೆ ಒಂದು ಹನಿ ಬೀಳುವ ಮೊದಲು ಶೇಡ್ ತೀರ್ಮಾನವಾಗಿರಬೇಕು.

ಕಲರ್ ಕೋಡ್ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ, ಬಾನೆಟ್ ಒಳಗೆ ಅಥವಾ ಡಿಕ್ಕಿಯ ಮುಚ್ಚಳದಡಿ ಇರುವ ಸ್ಟಿಕ್ಕರ್‌ನಲ್ಲಿ ಸಿಗುತ್ತದೆ. ಬರೀ ಹೆಸರು ನಂಬಿ ಬಣ್ಣ ಕೊಳ್ಳಬೇಡಿ. ಒಂದೇ ಕೋಡ್‌ಗೆ ಪೇಂಟ್ ಕಂಪನಿಗಳು ಹಲವು ವೇರಿಯಂಟ್ ಇಟ್ಟಿರುತ್ತವೆ: ಸ್ವಲ್ಪ ಕೆಂಪು ಮಗ್ಗುಲಿನದು, ಸ್ವಲ್ಪ ಹಳದಿ, ಇನ್ನೊಂದು ದಪ್ಪ ಫ್ಲೇಕ್ (ಮಿನುಗುವ ಚೂರು) ಇರುವುದು. ಕಾರ್ಖಾನೆಯಲ್ಲೇ ಬ್ಯಾಚ್‌ನಿಂದ ಬ್ಯಾಚ್‌ಗೆ ಬಣ್ಣ ಅಷ್ಟಿಷ್ಟು ಸರಿಯುತ್ತದೆ, ಆಮೇಲೆ ಬಿಸಿಲಿಗೆ ಇನ್ನಷ್ಟು. ಮಿಕ್ಸ್ ಮಾಡುವ ಅಂಗಡಿಯಲ್ಲಿ ಬಣ್ಣ ಅಳೆಯುವ ಸ್ಪೆಕ್ಟ್ರೊಫೋಟೊಮೀಟರ್ ಇದ್ದರೆ ಕಾರನ್ನೇ ತೆಗೆದುಕೊಂಡು ಹೋಗಿ ಫೆಂಡರ್ ಮೇಲೆ ಅಳತೆ ಹಿಡಿಸಿ. ಪೆಟ್ರೋಲ್ ಮುಚ್ಚಳವನ್ನಷ್ಟೇ ಬಿಚ್ಚಿಕೊಂಡು ಹೋಗುವವರಿದ್ದಾರೆ. ನೀವು ಹೊಂದಿಸಬೇಕಾದದ್ದು ಕಾರಿನ ಹಿಂಬದಿಗಲ್ಲ, ಮುಂದಿನ ಫೆಂಡರ್‌ಗೆ.

ಅಳತೆಗೆ ಮೊದಲು ಆ ಫೆಂಡರ್‌ನ ಒಂದು ಅಂಗೈ ಅಗಲ ಜಾಗವನ್ನು ಪಾಲಿಶ್ ಮಾಡಿ. ಇದನ್ನು ಮರೆಯುವವರೇ ಹೆಚ್ಚು. ಮಂಕಾದ ಕ್ಲಿಯರ್ ಕೋಟ್ ಅಡಿಯ ಬಣ್ಣವನ್ನು ಬೂದುಬೂದಾಗಿ ತೋರಿಸುತ್ತದೆ. ಆ ಮಂಕಿಗೆ ಹೊಂದಿಸಿದ ಬಣ್ಣ, ಮುಂದೊಂದು ದಿನ ಇಡೀ ಕಾರನ್ನು ಪಾಲಿಶ್ ಮಾಡಿದಾಗ ಬೇರೆಯಾಗಿಯೇ ಕಾಣುತ್ತದೆ.

ಇನ್ನು ಟೆಸ್ಟ್ ಕಾರ್ಡ್. ಪೇಂಟ್ ಅಂಗಡಿಯಲ್ಲಿ ಸಿಗುವ ಕಪ್ಪು–ಬಿಳುಪು ಚೌಕದ ಕಾರ್ಡ್ ತೆಗೆದುಕೊಳ್ಳಿ. ಕಾರಿಗೆ ಯಾವ ಛಾಯೆಯ ಪ್ರೈಮರ್ ಹೊಡೆಯುತ್ತೀರೋ ಅದನ್ನೇ ಕಾರ್ಡ್‌ಗೂ ಹೊಡೆಯಿರಿ, ಚೌಕದ ಒಂದು ಮೂಲೆಯನ್ನು ಮಾತ್ರ ಹಾಗೇ ಬಿಡಿ. ಬೇಸ್ ಹೊಡೆಯುತ್ತಾ ಹೋದಂತೆ ಎಷ್ಟನೇ ಕೋಟ್‌ಗೆ ಆ ಕಪ್ಪು–ಬಿಳುಪು ಪೂರ್ತಿ ಮುಚ್ಚಿತೋ ಅಷ್ಟು ಕೋಟ್ ಕಾರಿಗೂ ಬೇಕು. ಗನ್, ಒತ್ತಡ, ಥಿನ್ನರ್, ದೂರ ಎಲ್ಲವೂ ಕಾರಿಗೆ ಹೊಡೆಯುವಾಗಿನದ್ದೇ. ಕೊನೆಗೆ ಕ್ಲಿಯರ್ ಹೊಡೆಯಿರಿ. ಕ್ಲಿಯರ್ ಇಲ್ಲದ ಬೇಸ್ ಕೋಟನ್ನು ಕಾರಿಗೆ ಹಿಡಿದು ನೋಡುವುದು ವ್ಯರ್ಥ. ಕಾರ್ಡ್‌ನ ಬೆನ್ನಿಗೆ ಕೋಟ್ ಸಂಖ್ಯೆ, ಒತ್ತಡ, ವೇರಿಯಂಟ್ ಬರೆದಿಡಿ.

ಒಣಗಿದ ಕಾರ್ಡನ್ನು ಪಾಲಿಶ್ ಮಾಡಿದ ಜಾಗದ ಮೇಲೆ, ಫೆಂಡರ್‌ನ ಬಾಗಿಗೆ ಸರಿಯಾಗಿ ಒತ್ತಿ ಹಿಡಿಯಿರಿ. ನಡುವೆ ಸಂದಿಯ ನೆರಳು ಬಿದ್ದರೂ ಕಣ್ಣು ಮೋಸ ಹೋಗುತ್ತದೆ. ಎದುರಿನಿಂದ ನೋಡಿ, ಓರೆಯಿಂದ ನೋಡಿ, ಫೆಂಡರ್‌ನ ಉದ್ದಕ್ಕೂ ಕಣ್ಣು ಹಾಯಿಸಿ ಮಗ್ಗುಲಿನಿಂದ ನೋಡಿ. ಬಿಸಿಲಿನಲ್ಲಿ, ನೆರಳಿನಲ್ಲಿ, ಎಲ್‌ಇಡಿ ದೀಪದಡಿ ಬೇರೆಬೇರೆಯಾಗಿ ನೋಡಿ, ಯಾಕೆಂದರೆ ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದುಂಟು. ಸಂಜೆಯ ಕೆಂಪು ಬೆಳಕಿನಲ್ಲಿ ತೀರ್ಮಾನ ಬೇಡ. ಮೊದಲ ಕೆಲವು ಕ್ಷಣದಲ್ಲಿ ಕಣ್ಣು ಹೇಳಿದ್ದನ್ನು ನಂಬಿ. ದಿಟ್ಟಿಸುತ್ತಾ ನಿಂತರೆ ಕಣ್ಣು ದಣಿದು ಎಲ್ಲವೂ ಸರಿಯಾಗಿಯೇ ಕಾಣತೊಡಗುತ್ತದೆ.

ಮೆಟಾಲಿಕ್ ಬಣ್ಣದಲ್ಲಿ ಗನ್ ಹಿಡಿದ ಕೈಯೇ ಅರ್ಧ ಶೇಡ್. ತೆಳ್ಳಗೆ, ಒಣಗಿದಂತೆ ಹೊಡೆದರೆ ಫ್ಲೇಕ್‌ಗಳು ಮೇಲೆ ಮಲಗಿ ಎದುರಿನಿಂದ ತಿಳಿಯಾಗಿ ಕಾಣುತ್ತದೆ, ಮಗ್ಗುಲಿನಿಂದ ಕಪ್ಪಾಗುತ್ತದೆ. ಒದ್ದೆಯಾಗಿ ಹೊಡೆದರೆ ಫ್ಲೇಕ್ ಮುಳುಗಿ ಎದುರಿನಿಂದ ಗಾಢವಾಗುತ್ತದೆ. ಹಾಗಾಗಿ ಕಾರ್ಡ್ ಸ್ವಲ್ಪವೇ ಹೆಚ್ಚುಕಡಿಮೆ ಇದ್ದರೆ ಮೊದಲು ಒತ್ತಡ, ದೂರ ಬದಲಿಸಿ ಇನ್ನೊಂದು ಕಾರ್ಡ್ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ಬೇರೆ ವೇರಿಯಂಟ್. ನೀವೇ ಡಬ್ಬಿಗೆ ಕಪ್ಪು ಹನಿ, ಬಿಳಿ ಹನಿ ಬೆರೆಸಲು ಹೋಗಬೇಡಿ.

ಮೂರು ಪದರದ ಬಣ್ಣವಾದರೆ ಇನ್ನೂ ಎಚ್ಚರ. ಮಜ್ದಾದ ಸೋಲ್ ರೆಡ್ ಕ್ರಿಸ್ಟಲ್, ಕೋಡ್ 46ವಿ, ಇಂಥದ್ದು: ಅಡಿಯಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಪದರ, ಅದರ ಮೇಲೆ ಪಾರದರ್ಶಕ ಕೆಂಪು, ಆಮೇಲೆ ಕ್ಲಿಯರ್. ನಡುವಿನ ಕೆಂಪು ಒಂದು ಕೋಟ್ ಹೆಚ್ಚಾದರೂ ಬಣ್ಣ ಗಾಢವಾಗುತ್ತದೆ. ಇದಕ್ಕೆ ಒಂದು ಉದ್ದನೆಯ ಹಲಗೆಗೆ ಮೊದಲ ಪದರ ಹೊಡೆದು, ನಡುಪದರವನ್ನು ಒಂದು ಭಾಗಕ್ಕೆ ಒಂದು ಕೋಟ್, ಮುಂದಿನದಕ್ಕೆ ಎರಡು, ಅದರ ಮುಂದಿನದಕ್ಕೆ ಮೂರು ಬರುವಂತೆ ಮರೆಮಾಡಿ ಹೊಡೆಯಿರಿ. ಕ್ಲಿಯರ್ ಆದ ಮೇಲೆ ಯಾವ ಪಟ್ಟಿ ಫೆಂಡರ್‌ಗೆ ಹೊಂದುತ್ತದೋ ಅದೇ ಲೆಕ್ಕ.

ಹಂತ 4: ಬಣ್ಣ ಎಲ್ಲಿ ನಿಲ್ಲಬೇಕು

ಕಾರ್ಡ್ ಎಷ್ಟೇ ಚೆನ್ನಾಗಿ ಹೊಂದಿದರೂ ಹೊಸ ಬಣ್ಣವನ್ನು ಬಾನೆಟ್‌ನ ಅಂಚಿಗೆ ತಂದು ನಿಲ್ಲಿಸಿದರೆ, ಅದರ ಪಕ್ಕದಲ್ಲೇ ಹಳೆಯ ಬಣ್ಣ ನಿಂತಿರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣು ಅಲ್ಲಿ ಹಿಡಿಯುತ್ತದೆ. ಅದೇ ಬಣ್ಣ ನಿಧಾನಕ್ಕೆ ತೆಳುವಾಗುತ್ತಾ ಹಳೆಯದರಲ್ಲಿ ಕರಗಿದರೆ ಕಣ್ಣಿಗೆ ಗೆರೆ ಸಿಗುವುದಿಲ್ಲ.

ಗುಳಿಗಳು ಬಾನೆಟ್‌ನ ಮುಂದಿನ 30 ಸೆಂ.ಮೀ.ನಲ್ಲಷ್ಟೇ ಇದ್ದರೆ ಬೇಸ್ ಕೋಟನ್ನು ಬಾನೆಟ್‌ನೊಳಗೇ ಹಿಂದಕ್ಕೆ ಕರಗಿಸಿ, ಕ್ಲಿಯರ್ ಮಾತ್ರ ಬಾನೆಟ್ ಪೂರ್ತಿ ಹೊಡೆಯಿರಿ. ಬಂಪರ್‌ಗೆ ಪೂರ್ತಿ ಬಣ್ಣ. ಎರಡೂ ಫೆಂಡರ್‌ಗಳ ಮುಂದಂಚಿನಿಂದ ಒಂದು ಗೇಣಿನಷ್ಟು ಬಣ್ಣ ಕರಗಿಸಿ, ಫೆಂಡರ್ ಪೂರ್ತಿ ಕ್ಲಿಯರ್. ಕ್ಲಿಯರನ್ನು ಪ್ಯಾನೆಲ್‌ನ ನಡುವೆ ನಿಲ್ಲಿಸಬೇಡಿ. ಆ ಅಂಚು ಮುಂದೆ ಪಾಲಿಶ್‌ನಲ್ಲಿ ಸವೆದು ಗೆರೆ ಬಿಡುತ್ತದೆ.

ನಾನು ಮೊದಲ ಸಲ ಬೆಳ್ಳಿ ಬಣ್ಣದ ಬಂಪರ್ ಬಿಚ್ಚಿ, ನೆಲದ ಮೇಲೆ ಮಲಗಿಸಿ ಹೊಡೆದಿದ್ದೆ. ಕೈಯಲ್ಲಿ ಹಿಡಿದಾಗ ಸರಿಯಿತ್ತು. ಕಾರಿಗೆ ಕೂರಿಸಿದಾಗ ಹತ್ತು ಹೆಜ್ಜೆ ದೂರದಿಂದಲೇ ಬೇರೆ ಕಂಡಿತು. ಮಲಗಿಸಿದಾಗ ಕೋಟ್ ಒದ್ದೆಯಾಗಿ ಕೂತು ಫ್ಲೇಕ್ ಮುಳುಗಿತ್ತು. ಬಂಪರ್ ಬಿಚ್ಚಿಯೇ ಹೊಡೆಯುವುದಾದರೆ ಸ್ಟ್ಯಾಂಡ್ ಮೇಲೆ, ಕಾರಿನಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ನಿಲ್ಲಿಸಿ.

ಹಂತ 5: ಬಿಚ್ಚುವುದು, ಜಿಡ್ಡು ತೆಗೆಯುವುದು

ಲಾಂಛನ, ಗ್ರಿಲ್, ವಾಷರ್ ಮೂತಿ, ನಂಬರ್ ಪ್ಲೇಟ್ ತೆಗೆಯಿರಿ. ಟೇಪ್ ಸುತ್ತಿ ಸುಧಾರಿಸಿದ ಜಾಗದಲ್ಲೇ ಮುಂದೆ ಪೇಂಟ್ ಕೀಳುತ್ತದೆ. ಪಾರ್ಕಿಂಗ್ ಸೆನ್ಸರ್ ಬಿಚ್ಚಿಡಿ. ಬಂಪರ್‌ನ ಹಿಂದೆ ರೇಡಾರ್ ಇದ್ದರೆ ಅದರ ಎದುರಿನ ಭಾಗಕ್ಕೆ ಪುಟ್ಟಿ ಹಚ್ಚಬಾರದು, ದಪ್ಪ ಬಣ್ಣವೂ ಕೂಡದು. ಕಾರು ತಯಾರಕರು ಅದಕ್ಕೊಂದು ಮಿತಿ ಕೊಟ್ಟಿರುತ್ತಾರೆ, ಅದನ್ನು ಓದಿಯೇ ಮುಂದುವರಿಯಿರಿ. ಹಳೆಯ ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ) ಫಿಲ್ಮ್ ಇದ್ದರೆ ಬೆಚ್ಚಗೆ ಮಾಡಿ, ಮೇಲ್ಮೈಗೆ ಒರಗಿಸಿದಂತೆ ನಿಧಾನಕ್ಕೆ ಎಳೆಯಿರಿ.

ಸೋಪು ನೀರಿನಲ್ಲಿ ತೊಳೆದ ಮೇಲೆ ಜಿಡ್ಡು ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಇದು ಉಜ್ಜುವ ಮೊದಲೇ ಆಗಬೇಕು. ಮೇಣ, ಸಿಲಿಕೋನ್ ಇದ್ದ ಹಾಗೇ ಉಜ್ಜಿದರೆ ಎಮರಿ ಪೇಪರ್ ಅದನ್ನು ಗೀರುಗಳೊಳಗೆ ತುಂಬುತ್ತದೆ. ಆಮೇಲೆ ಬೇಸ್ ಕೋಟ್ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಳ್ಳುವಾಗ ಕಾರಣ ತಿಳಿಯದೆ ಒದ್ದಾಡುತ್ತೀರಿ.

ಹಂತ 6: ಗುಳಿಗಳನ್ನು ಸಮ ಮಾಡುವುದು

ಗುಳಿಯ ಅಂಚನ್ನು 180ರಲ್ಲಿ ಒಡೆದು, 240, 320ರಲ್ಲಿ ಹೊರಕ್ಕೆ ಹರಡುತ್ತಾ ಹೋಗಿ. ಕ್ಲಿಯರ್, ಬಣ್ಣ, ಪ್ರೈಮರ್ ಒಂದೊಂದೂ ಮರದ ಕಾಂಡದ ಉಂಗುರಗಳಂತೆ ಅಗಲವಾಗಿ ಕಾಣಬೇಕು. ಉಂಗುರಗಳು ಒತ್ತೊತ್ತಾಗಿದ್ದರೆ ಇಳಿಜಾರು ಇನ್ನೂ ಕಡಿದಾಗಿದೆ. ಬರೀ ಬೆರಳಲ್ಲಿ ಒತ್ತಿ ಉಜ್ಜಬೇಡಿ, ಬೆರಳಿನ ಗೀರು ಕಾಲುವೆಯಂತೆ ಉಳಿಯುತ್ತದೆ. ಮೆತ್ತನೆಯ ಬ್ಲಾಕ್ ಬಳಸಿ. ಆಮೇಲೆ ಕಣ್ಣು ಮುಚ್ಚಿ, ತೆಳು ಬಟ್ಟೆಯ ಮೇಲಿಂದ ಅಂಗೈ ಆಡಿಸಿ. ಕೈಗೆ ಗುಳಿ ತಗಲಿದರೆ ಹೊಳೆಯುವ ಬಣ್ಣದಲ್ಲಿ ಅದು ಕಂಡೇ ಕಾಣುತ್ತದೆ.

ತುಕ್ಕು ಇದ್ದಲ್ಲಿ ಹೊಳೆಯುವ ಲೋಹ ಬರುವವರೆಗೆ ತೆಗೆಯಿರಿ. ಅಲ್ಯೂಮಿನಿಯಂ ಬಾನೆಟ್‌ಗೆ ಉಕ್ಕಿನ ಮೇಲೆ ಬಳಸಿದ ಪೇಪರ್ ಮುಟ್ಟಿಸಬೇಡಿ. ಫೈಬರ್ ಆದರೆ ನಾರು ಕಾಣುವಷ್ಟು ಆಳಕ್ಕೆ ಹೋಗಬೇಡಿ. ಆಳದ ಗುಳಿಗಳಿಗೆ ಹಾರ್ಡ್ನರ್ ಬೆರೆಸುವ ತೆಳು ಪುಟ್ಟಿಯನ್ನೇ ಹಚ್ಚಿ. ಟ್ಯೂಬಿನಿಂದ ನೇರ ಹಚ್ಚುವ, ಗಾಳಿಗೆ ಒಣಗುವ ಪುಟ್ಟಿ ಮುಂದೆ ಕುಗ್ಗುತ್ತದೆ.

ಹಂತ 7: ಪ್ರೈಮರ್

ಬರೀ ಲೋಹ ಕಂಡಲ್ಲಿ ಎಪಾಕ್ಸಿ ಪ್ರೈಮರ್. ಬರೀ ಪ್ಲಾಸ್ಟಿಕ್ ಕಂಡಲ್ಲಿ ಹಿಡಿತ ಕೊಡುವ ಅಡ್ಹೀಷನ್ ಪ್ರಮೋಟರ್, ಇದಿಲ್ಲದಿದ್ದರೆ ಬಂಪರ್ ಬಣ್ಣ ಮುಂದಿನ ಕಲ್ಲೇಟಿಗೇ ಹಾಳೆಯಂತೆ ಏಳುತ್ತದೆ. ಅದರ ಮೇಲೆ ಹಾರ್ಡ್ನರ್ ಬೆರೆಸಿದ ಸರ್ಫೇಸರ್ (ಮೈ ಸಮ ಮಾಡುವ ದಪ್ಪ ಪ್ರೈಮರ್) ಎರಡು–ಮೂರು ಕೋಟ್, ಪ್ರತಿ ಕೋಟ್ ಮಂಕಾದ ಮೇಲೆ ಮುಂದಿನದು. ಛಾಯೆ ಟೆಸ್ಟ್ ಕಾರ್ಡ್‌ಗೆ ಹೊಡೆದದ್ದೇ ಆಗಿರಲಿ.

ಒಣಗಿದ ಪ್ರೈಮರ್ ಮೇಲೆ ಗೈಡ್ ಕೋಟ್‌ನ ಕಪ್ಪು ಪುಡಿ ಸವರಿ, ಬ್ಲಾಕ್ ಹಿಡಿದು 400ರಲ್ಲಿ, ಆಮೇಲೆ 600ರಲ್ಲಿ ಉಜ್ಜಿ. ಕಪ್ಪು ಉಳಿದ ಚುಕ್ಕಿ ಇನ್ನೂ ತಗ್ಗು. ಅಲ್ಲಿಗೆ ಮತ್ತೆ ಪ್ರೈಮರ್. ಫೆಂಡರ್ ಮತ್ತು ಬಾನೆಟ್‌ನ ಬ್ಲೆಂಡ್ ಆಗುವ, ಅಂದರೆ ಹೊಸ ಬಣ್ಣ ಹಳೆಯದರಲ್ಲಿ ಕರಗುವ ಭಾಗಕ್ಕೆ 800ರಿಂದ 1000 ಅಥವಾ ಬೂದು ಪ್ಯಾಡ್ ಸಾಕು, ಹೊಳಪು ಎಲ್ಲೂ ಉಳಿಯಬಾರದು.

ಅವಸರ ಮಾಡುವವರು ಸಿಕ್ಕಿಬೀಳುವುದು ಇಲ್ಲಿಯೇ. ಪೂರ್ತಿ ಒಣಗದ ಪ್ರೈಮರ್‌ನೊಳಗೆ ಥಿನ್ನರ್ ಉಳಿದಿರುತ್ತದೆ. ಅದು ವಾರಗಟ್ಟಲೆ ಮೆಲ್ಲಗೆ ಹೊರಹೋಗುವಾಗ ಪದರ ಕುಗ್ಗಿ, ಮುಚ್ಚಿದ್ದ ಗುಳಿಗಳ ಅಚ್ಚು ಮೇಲೆ ಬರುತ್ತದೆ. ಎರಡು ತಿಂಗಳ ನಂತರದ ದೂರು ಇದೇ. ಉಗುರು ಒತ್ತಿದರೆ ಗುರುತು ಬೀಳುವ, ಉಜ್ಜಿದರೆ ಪೇಪರ್‌ಗೆ ಮೆತ್ತಿಕೊಳ್ಳುವ ಪ್ರೈಮರ್ ಇನ್ನೂ ಹಸಿ.

ಹಂತ 8: ಬೇಸ್ ಕೋಟ್ ಮತ್ತು ಬ್ಲೆಂಡ್

ಹಾಳೆ ಹೊದಿಸಿ ಮಾಸ್ಕಿಂಗ್ ಮಾಡಿ. ಬಾಗಿಲಿನ ಸಂದಿಗಳಿಗೆ ಫೋಮ್ ಟೇಪ್ ಹಾಕಿದರೆ ಗಡಸು ಗೆರೆ ಬೀಳುವುದಿಲ್ಲ. ನೆಲಕ್ಕೆ ನೀರು ಚಿಮುಕಿಸಿ. ಕಾರಿನ ಮೈ ಮತ್ತು ಗಾಳಿ ಎರಡೂ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮತ್ತೊಮ್ಮೆ ಜಿಡ್ಡು ತೆಗೆದು, ಟ್ಯಾಕ್ ಬಟ್ಟೆಯನ್ನು ಒತ್ತದೆ ಹಗುರಾಗಿ ಆಡಿಸಿ.

ಗನ್‌ನ ಒತ್ತಡ ಅದರ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ ಹಿಡಿಯ ಬಳಿ 2 ಬಾರ್ ಆಸುಪಾಸು. ದೂರ 15ರಿಂದ 20 ಸೆಂ.ಮೀ. ಒಂದು ಸಾಲು ಹಿಂದಿನ ಸಾಲಿನ ಅರ್ಧಕ್ಕಿಂತ ಹೆಚ್ಚು ಮುಚ್ಚಲಿ. ಮೊದಲ ಕೋಟ್ ಪ್ರೈಮರ್ ಇರುವಷ್ಟಕ್ಕೆ ಮಾತ್ರ. ಎರಡನೆಯದು ಅದಕ್ಕಿಂತ ಒಂದು ಕೈ ಅಗಲ ಆಚೆಗೆ, ಮೂರನೆಯದು ಇನ್ನೂ ಆಚೆಗೆ. ಪ್ರತಿ ಕೋಟ್ ಪೂರ್ತಿ ಮಂಕಾಗುವವರೆಗೆ ಕಾಯಿರಿ. ಅಂಚಿಗೆ ಬಂದಾಗ ಮಣಿಕಟ್ಟನ್ನು ಹೊರಕ್ಕೆ ತಿರುಗಿಸುತ್ತಾ ಟ್ರಿಗರ್ ಸಡಿಲಿಸಿ. ಮೆಟಾಲಿಕ್‌ಗೆ, ಬ್ಲೆಂಡ್ ಆಗುವ ಭಾಗದಲ್ಲಿ ಮೊದಲೇ ಬಣ್ಣವಿಲ್ಲದ ಬ್ಲೆಂಡರ್‌ನ ತೆಳು ಒದ್ದೆ ಹಾಸು ಹೊಡೆದಿದ್ದರೆ ಅಂಚಿನ ಫ್ಲೇಕ್‌ಗಳು ನೆಟ್ಟಗೆ ನಿಲ್ಲದೆ ಮಲಗುತ್ತವೆ.

ಕೊನೆಗೆ ಗನ್ ಸ್ವಲ್ಪ ದೂರ ಹಿಡಿದು, ಒತ್ತಡ ತಗ್ಗಿಸಿ ಒಂದು ಮಂಜಿನ ಕೋಟ್. ಮೋಡ ಕಟ್ಟಿದಂತೆ ಕಪ್ಪುಬಿಳುಪು ಪಟ್ಟೆ ಕಂಡರೆ ಇಲ್ಲೇ ಸರಿಮಾಡಿ. ಕ್ಲಿಯರ್ ಬಿದ್ದ ಮೇಲೆ ಅದು ಹೋಗುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಟೆಸ್ಟ್ ಕಾರ್ಡ್‌ನ ಕೋಟ್ ಲೆಕ್ಕ ಮುಗಿದ ಮೇಲೆ "ಇನ್ನೊಂದು ಇರಲಿ" ಎಂದು ಹೊಡೆಯಬೇಡಿ.

ಹಂತ 9: ಕ್ಲಿಯರ್ ಕೋಟ್

ಹಾರ್ಡ್ನರ್ ಅಳತೆ ಡಬ್ಬಿಯ ಮೇಲಿದ್ದಷ್ಟೇ, ಕಣ್ಣಂದಾಜು ಬೇಡ. ಮೊದಲ ಕೋಟ್ ಮಧ್ಯಮ, 10–15 ನಿಮಿಷದ ನಂತರ ಎರಡನೆಯದು ತುಂಬು. ಮಾಸ್ಕಿಂಗ್ ಹಾಳೆಯ ಮೇಲೆ ಬಿದ್ದ ಕ್ಲಿಯರನ್ನು ಬೆರಳಲ್ಲಿ ಮುಟ್ಟಿ: ಅಂಟಬೇಕು, ನೂಲು ಎಳೆಯಬಾರದು. ಅದಕ್ಕೆ ಮೊದಲೇ ಎರಡನೇ ಕೋಟ್ ಹೊಡೆದರೆ ಇಳಿದು ಸೋರುತ್ತದೆ, ಇಲ್ಲವೇ ಒಳಗಿನ ಥಿನ್ನರ್ ಗುಳ್ಳೆಯಾಗಿ ಸೂಜಿಮೊನೆಯಷ್ಟು ತೂತು ಬಿಡುತ್ತದೆ. ಸೋರಿದರೆ ಮುಟ್ಟಬೇಡಿ. ಒಣಗಿದ ಮೇಲೆ ಉಜ್ಜಿ ತೆಗೆಯಬಹುದು, ಹಸಿಯಲ್ಲಿ ಕೈ ಹಾಕಿದರೆ ಬೇಸ್ ಕೂಡ ಹೋಗುತ್ತದೆ. ಟೇಪನ್ನು ಕ್ಲಿಯರ್ ಗಟ್ಟಿಯಾಗುವ ಮೊದಲೇ ನಿಮ್ಮ ಕಡೆಗೆ ಮಡಚಿ ಎಳೆಯಿರಿ.

ಹಂತ 10: ಒಣಗಿದ ಮೇಲೆ

ಡಬ್ಬಿಯಲ್ಲಿ ಹೇಳಿದ ಸಮಯ ಕಳೆದ ಮೇಲೆ ಧೂಳಿನ ಮೊಡವೆಗಳನ್ನು 1500, 2000, 3000ರಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಅಂಚು ಮತ್ತು ಗೆರೆಗಳ ಮೇಲೆ ಟೇಪ್ ಹಚ್ಚಿಡಿ, ಕ್ಲಿಯರ್ ಮೊದಲು ಸವೆಯುವುದು ಅಲ್ಲಿಯೇ. ಸೆನ್ಸರ್‌ಗಳನ್ನು ಕೂರಿಸಿದ ಮೇಲೆ ಕೆಲಸ ಮಾಡುತ್ತವೆಯೇ ಎಂದು ನೋಡಿ, ರೇಡಾರ್ ಇದ್ದರೆ ಕ್ಯಾಲಿಬ್ರೇಷನ್ ಮಾಡಿಸಿ.

ಮೇಣ ಹಚ್ಚಲು ಮತ್ತು ಪಿಪಿಎಫ್ ಹಾಕಿಸಲು ಪೇಂಟ್ ಕಂಪನಿ ಹೇಳಿದಷ್ಟು ದಿನ ಕಾಯಿರಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಬೇಕು. ಥಿನ್ನರ್ ಬೆರೆಸದ ಬೇಸ್ ಕೋಟ್ ಉಳಿದಿದ್ದರೆ ಸಣ್ಣ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ, ವೇರಿಯಂಟ್ ಹೆಸರು ಬರೆದು, ಹೊಂದಿದ ಟೆಸ್ಟ್ ಕಾರ್ಡ್ ಜೊತೆ ಎತ್ತಿಡಿ. ಮುಂದಿನ ಕಲ್ಲು ಬಿದ್ದಾಗ ಶೇಡ್ ಹುಡುಕಿಕೊಂಡು ಮತ್ತೆ ಮೊದಲಿನಿಂದ ಹೊರಡಬೇಕಿಲ್ಲ.